ಅಳಿಯನಿಗೆ ಕೋಟು ತೆಗೆದ ದಿನ

ನಾನು ವರ್ಷವಿಡೀ ಕೋಟು ಹಾಕುವವನು. ಮೂಡಲಗಿಯ ದನದ ಪೇಟೆಯಲ್ಲಿ ದಲಾಲಿ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೋಟು ಹಾಕಿಕೊಂಡು ಎಮ್ಮೆಯ ಹಲ್ಲು ನೋಡುವವನು ನಾನೊಬ್ಬನೇ. ಹೆಮ್ಮೆಗೆ ಹೇಳುತ್ತಿಲ್ಲ, ನನ್ನನ್ನು ಹುಡುಕಿಕೊಂಡು ಬರುವವರಿಗೆ ಅನುಕೂಲವಾಗಲಿ ಎಂದು ಹೇಳುತ್ತಿದ್ದೇನೆ. ಈ ಕೋಟಿನ ಚಟದಿಂದಲೇ ನನ್ನ ಮಗಳ ಸಂಬಂಧ ಕುದುರಿತು. ಅದೇ ಚಟದಿಂದ, ಮದುವೆ ಹತ್ತಿರ ಬಂದಾಗ, ಸಂಬಂಧ ಮುರಿದು ಎದ್ದು ಹೋಗುವ ತನಕವೂ ಬಂತು. ಅದನ್ನು ಹೇಳುವ ಮೊದಲು ಕೋಟಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಬೇಡವೆಂದರೂ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯ ಜನ ಎತ್ತು ಕೊಳ್ಳುವಾಗ ಇರುವ ಬುದ್ಧಿಯನ್ನು ಬಟ್ಟೆ ಅಂಗಡಿಯ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗುತ್ತಾರೆ.

ಚಳಿಗಾಲದ ಕೋಟನ್ನು ಚಳಿಗಾಲದಲ್ಲಿ ಕೊಳ್ಳಬಾರದು. ಹೋಳಿ ಹುಣ್ಣಿಮೆ ಮುಗಿಯಲಿ. ಆಗ ಉಣ್ಣೆಯ ಕೋಟುಗಳು ಅಂಗಡಿಯವನ ಕಣ್ಣಿಗೆ, ಹಬ್ಬ ಮುಗಿದರೂ ಹೊರಡದ ನೆಂಟರ ಹಾಗೆ ಕಾಣುತ್ತಿರುತ್ತವೆ. ನೀವು ಸುಮ್ಮನೆ ಒಂದರ ತೋಳು ಮುಟ್ಟಿದರೂ ಅವನೇ ಮಾತು ತೆಗೆಯುತ್ತಾನೆ. ಬೇಸಿಗೆಯ ಕೋಟನ್ನು ದೀಪಾವಳಿಯ ನಂತರ ತೆಗೆಯಿರಿ, ಮತ್ತು ಅದಕ್ಕೆ ಅಸ್ತರ ಇರಬಾರದು. ಒಳಗೆ ಮಿರಿಮಿರಿ ಮಿಂಚುವ ಆ ಬಟ್ಟೆ ಏಪ್ರಿಲ್ ತಿಂಗಳಲ್ಲಿ ಮೈಗೆ ಅಂಟಿಕೊಂಡರೆ ಬಿಡಿಸಿಕೊಳ್ಳಲು ಇನ್ನೊಬ್ಬರು ಬೇಕಾಗುತ್ತದೆ. ಕೊರಳಲ್ಲಿ ಲಿಂಗ ಕಟ್ಟಿದವರು ಎದೆಯ ಹತ್ತಿರ ಬಿಗಿಯಾದ ಕೋಟು ತೆಗೆಯಲೇಬಾರದು, ಗುಂಡಿ ಹಾಕಿದ ಕೂಡಲೇ ಲಿಂಗದ ಕರಡಿಗೆ ಎದೆಗೆ ಒತ್ತುತ್ತದೆ. ಅಂಗಡಿಯವನು ಇದನ್ನು ಹೇಳುವುದಿಲ್ಲ. ಕಟ್ಟಿಕೊಂಡಿರುವವರು ನೀವು, ಅವನಿಗೇನು.

ಮಳೆಗಾಲಕ್ಕೆ ಚರ್ಮದ ಜಾಕೆಟ್ಟು ಬೇಡ. ನಾನು ಒಂದು ವರ್ಷ ತೆಗೆದಿದ್ದೆ. ಆಷಾಢ ಮುಗಿಯುವಷ್ಟರಲ್ಲಿ ಅದಕ್ಕೆ ಬೂಷ್ಟು ಹಿಡಿಯಿತು. ಅದು ಹೋಗಲಿ ಎಂದರೆ, ಪೇಟೆಯಲ್ಲಿ ಎಮ್ಮೆಗಳು ನನ್ನ ತೋಳನ್ನು ಮೂಸಿ ಮೂಸಿ ನೋಡುತ್ತಿದ್ದವು. ಚರ್ಮ ಹಾಕಿಕೊಂಡು ದನದ ಪೇಟೆಗೆ ಹೋಗುವುದು ಒಳ್ಳೆಯ ನಡವಳಿಕೆಯಲ್ಲ ಎಂದು ಆಗ ಹೊಳೆಯಿತು. ಈಗ ಮಳೆಗಾಲಕ್ಕೆ ನೀರು ಜಾರುವ ದಪ್ಪ ಜಾಕೆಟ್ಟು ಒಂದಿದೆ. ಬೆಳಗಿನ ಜಾವ ಮೇಲವಂಕಿಯ ನಮ್ಮ ಮನೆಯಿಂದ ಮೋಟಾರ್‌ಸೈಕಲ್ಲಿನ ಮೇಲೆ ಮೂಡಲಗಿಗೆ ಹೊರಟರೆ ಅದರ ಬೆಲೆ ಗೊತ್ತಾಗುತ್ತದೆ.

ಈ ಅಭ್ಯಾಸ ಹೇಗೆ ಹತ್ತಿತು ಎಂದು ಕೇಳುವವರಿದ್ದಾರೆ. ನಾನು ಮೊದಲು ಕಲ್ಲೋಳಿಯಲ್ಲಿ ಬೇರೆಯವರ ಎತ್ತುಗಳ ಹಗ್ಗ ಹಿಡಿದು ನಿಲ್ಲುವ ಕೆಲಸ ಮಾಡುತ್ತಿದ್ದೆ. ಎತ್ತಿನ ಬಗ್ಗೆ ಏನಾದರೂ ಹೇಳಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಂದು ಸಲ ಗೋಕಾಕ ಫಾಲ್ಸ್‌ನಲ್ಲಿ, ಗಿರಣಿಯಲ್ಲಿ ನೌಕರಿ ಮುಗಿಸಿದ ಹಿರಿಯರೊಬ್ಬರು ತಮ್ಮ ಹಳೆಯ ಕಂದು ಕೋಟನ್ನು ಮಾರುತ್ತಿದ್ದರು. ಚೌಕಾಸಿ ಮಾಡಿ ತಂದೆ. ಮರುವಾರ ಅದೇ ಪೇಟೆಯಲ್ಲಿ, ಅದೇ ಎತ್ತಿನ ಬಗ್ಗೆ, ಅದೇ ಮಾತು ಹೇಳಿದೆ. ಯಾರೋ ಕುರ್ಚಿ ತಂದು ಹಾಕಿದರು. ಆ ಕುರ್ಚಿಯಿಂದ ನಾನು ಇವತ್ತಿನವರೆಗೂ ಎದ್ದಿಲ್ಲ.

ಇನ್ನೊಂದು ಉಪಯೋಗವೂ ಇದೆ. ನಮ್ಮ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಮಾರುವವನೂ ದಲಾಲನೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಒತ್ತಿ ವ್ಯವಹಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ, ಮುಖದಲ್ಲಿ ಏನೂ ಇರಬಾರದು. ನಾನು ಟವೆಲ್ ಬಳಸುವುದಿಲ್ಲ. ಕೋಟನ್ನು ಮುಂಗೈ ಮೇಲೆ ಇಳಿಬಿಟ್ಟು ಅದರ ಕೆಳಗೆ ಕೈ ಕೊಡುತ್ತೇನೆ. ಹೀಗಾಗಿ ಮೇ ತಿಂಗಳ ಬಿಸಿಲಿನಲ್ಲಿ ಹಾಕಿಕೊಳ್ಳದಿದ್ದರೂ ಕೋಟು ಬೇಕೇ ಬೇಕು.

ಪೇಟೆಗೆ ಹೊಸದಾಗಿ ಬರುವ ರೈತರಿಗೆ ನಾನು ಪುಕ್ಕಟೆಯಾಗಿ ಕೊಡುವ ಬುದ್ಧಿವಾದ ಒಂದೇ. ಎತ್ತಿನ ಮೈಮೇಲೆ ಚಂದದ ಜೂಲಾ ಹೊದಿಸಿ ತಂದಿದ್ದರೆ, ಬಟ್ಟೆ ಸರಿಸಿ ಹೆಗಲು ನೋಡದೆ ಹಗ್ಗ ಮುಟ್ಟಬೇಡಿ. ಹಗ್ಗ ಕೈಗೆ ಬಂದ ಮೇಲೆ ಐಬು ಕಂಡರೆ, ಎಲ್ಲರೆದುರು ಹಗ್ಗ ವಾಪಸು ಕೊಡುವ ಹಕ್ಕು ಕೊಂಡವನಿಗೆ ಇದೆ. ಆದರೆ ಅದು ಇಬ್ಬರಿಗೂ ಮರ್ಯಾದೆಯ ಕೆಲಸವಲ್ಲ.

ಇಷ್ಟು ತಿಳಿದವನು ಮಗಳಿಗೆ ಗಂಡು ಹೇಗೆ ನೋಡಿದೆ ಎಂದು ಈಗ ಹೇಳುತ್ತೇನೆ.

ಹುಡುಗ ಹುಕ್ಕೇರಿಯವನು, ಅಲ್ಲಿಯ ಒಂದು ಸೊಸಾಯಿಟಿಯಲ್ಲಿ ನೌಕರಿ. ತಂದೆ ಇಲ್ಲ. ತಾಯಿ ಮತ್ತು ಸೋದರಮಾವ ಅವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಬೇಸಿಗೆ. ಸೋದರಮಾವ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಹುಡುಗ ಬೂದು ಬಣ್ಣದ ಕೋಟು ಹಾಕಿಕೊಂಡು, ಎಲ್ಲ ಗುಂಡಿ ಹಾಕಿಕೊಂಡು, ನೆಟ್ಟಗೆ ಕೂತಿದ್ದ. ನನಗೆ ಎಷ್ಟೋ ವರ್ಷಗಳಿಂದ ಕಾಯುತ್ತಿದ್ದ ಮನುಷ್ಯ ಬಂದಂತಾಯಿತು.

"ಬ್ಯಾಸಿಗ್ಯಾಗೂ ಕೋಟು ಹಾಕ್ತೀರೇನ್ರಿ?" ಎಂದು ಕೇಳಿದೆ.

"ಹೌದ್ರಿ. ಹೊರಗ ಹೊಂಟ್ರ ಹಾಕ್ಕೊಂಡ ಹೋಗೂದ್ರಿ," ಎಂದ.

"ಶಾಬಾಸ್."

ಹೆಂಡತಿ ಚಹಾದ ತಾಟು ಇಡುವ ನೆವದಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಬ್ಯಾರೆ ಏನರ ಕೇಳ್ರಿ," ಎಂದಳು. ಬೇರೆ ಏನು ಕೇಳುವುದು? ನೌಕರಿ ಇದೆ, ನಡತೆ ಒಳ್ಳೆಯದೆಂದು ಹೇಳಿದವರಿದ್ದಾರೆ, ಬೇಸಿಗೆಯಲ್ಲಿ ಕೋಟು ಹಾಕುತ್ತಾನೆ. ಮಗಳು ಅವನ ಜೊತೆ ಹಿತ್ತಲಿನ ಕಡೆ ಸ್ವಲ್ಪ ಹೊತ್ತು ಮಾತಾಡಿ ಬಂದು ಒಪ್ಪಿಗೆ ಎಂದಳು. ನಾನು ಅದಕ್ಕೂ ಮೊದಲೇ ಒಪ್ಪಿಯಾಗಿತ್ತು. ಹೊರಡುವಾಗ ಹುಡುಗ ನನ್ನ ಹತ್ತಿರ ಬಂದು ಏನೋ ಹೇಳಲು ನಿಂತಂತೆ ಮಾಡಿದ. ನಾನು ಅವನ ಕೋಟಿನ ಅಂಚು ಹಿಡಿದು ತಿರುಗಿಸಿ, "ಅಸ್ತರ ಹಾಕಿಸೀರಿ. ತಗಿಸಿಬಿಡ್ರಿ, ಹಗುರ ಆಗ್ತೈತಿ," ಎಂದು ಹೇಳಿ ಕಳಿಸಿದೆ.

ಮುಂದೆ ಮಳೆಗಾಲದಲ್ಲಿ ಬಂದಾಗ ಅವನ ಮೈಮೇಲೆ ಜಾಕೆಟ್ಟು ಇತ್ತು. ನಿಶ್ಚಯದ ದಿನ ಮತ್ತೆ ಕೋಟು. ನಾನು ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಅಳಿಯ ಅಂದರೆ ಅಳಿಯ, ನನ್ನ ಹಾಗೇ ಇದ್ದಾನೆ ಎಂದು.

ನಮ್ಮ ಕಡೆ ಮದುವೆಯ ಜವಳಿ ಖರೀದಿಗೆ ಬಸ್ತಾ ಎನ್ನುತ್ತಾರೆ. ಎರಡೂ ಮನೆಯವರು ಒಂದೇ ಅಂಗಡಿಯ ಒಂದೇ ಗಾದಿಯ ಮೇಲೆ ಕೂರಬೇಕು. ಹೆಣ್ಣಿನ ಸೀರೆ ಗಂಡಿನವರು ತೆಗೆಯುತ್ತಾರೆ, ಗಂಡಿನ ಕೋಟು ಹೆಣ್ಣಿನವರು ತೆಗೆಯುತ್ತಾರೆ. ಒಬ್ಬರು ತೆಗೆಯುವಾಗ ಇನ್ನೊಬ್ಬರು ನೋಡದ ಹಾಗೆ ನೋಡುತ್ತಿರುತ್ತಾರೆ. ನಮ್ಮ ಬಸ್ತಾ ಗೋಕಾಕದ ಒಂದು ಅಂಗಡಿಯಲ್ಲಿ ಗೊತ್ತಾಯಿತು. ಮದುವೆ ಮುಂದಿನ ತಿಂಗಳಿಗಿತ್ತು, ಮತ್ತೆ ಬಿಸಿಲು ಏರಿತ್ತು. ಹುಡುಗ ಎಂದಿನಂತೆ ಕೋಟಿನಲ್ಲಿ ಬಂದಿದ್ದ.

ಸೀರೆಗಳ ಕೆಲಸ ಮಧ್ಯಾಹ್ನದವರೆಗೆ ನಡೆಯಿತು. ಹುಡುಗನ ತಾಯಿ ಚೌಕಾಸಿಯಲ್ಲಿ ಕಡಿಮೆಯಲ್ಲ. ಅವಳು ಒಂದು ಸೀರೆ ಹಿಡಿದು, "ಇದರ ಬಣ್ಣ ಹೋಗ್ತೈತೇನ್ರಿ?" ಎಂದು ಕೇಳಿದರೆ, ಅಂಗಡಿಯವನು "ಹೋಗೂದಿಲ್ರಿ ಅವ್ವಾರ," ಎನ್ನುತ್ತಿದ್ದ. "ಹೋದ್ರ?" ಎನ್ನುತ್ತಿದ್ದಳು. ಅವನು ದರ ಇಳಿಸುತ್ತಿದ್ದ. ಇಂಥ ಮನೆಗೆ ಮಗಳನ್ನು ಕೊಡುತ್ತಿದ್ದೇನೆಂದು ನನಗೆ ಸಮಾಧಾನವಾಯಿತು.

ಆಮೇಲೆ ನನ್ನ ಸರದಿ. ನಾನು ಗಾದಿಯ ನಡುವೆ ಬಂದು ಕೂತೆ. ಅಂಗಡಿಯವನು ನನ್ನನ್ನು ಬಲ್ಲವನು. ಒಂದು ಲೋಟ ನೀರು ಕುಡಿದು ಬಂದ.

"ಕಾಕಾ, ಈ ಸಲ ನಾ ಒಂದ ದರ ಹೇಳ್ತೇನಿ. ನೀವು ಏನೂ ಅನಬ್ಯಾಡ್ರಿ."

"ನಾ ಯಾಕ ಅನ್ಲಿ? ನೀ ಹೇಳು. ನಾ ನಗ್ತೇನಿ ಅಷ್ಟ."

ಕೋಟುಗಳು ಬಂದವು. ನಾನು ಅಳಿಯನಾಗುವವನಿಗೂ ಅವನ ಸೋದರಮಾವನಿಗೂ ಪಾಠ ಶುರು ಮಾಡಿದೆ. ಉದ್ದ ಹೆಚ್ಚಾದರೆ ಕತ್ತರಿಸಬಹುದು, ತೋಳು ಮಡಚಬಹುದು, ಹೊಟ್ಟೆಯ ಹತ್ತಿರ ಹೊಲಿಗೆ ಬಿಚ್ಚಬಹುದು. ಹೆಗಲು ಮಾತ್ರ ಮೊದಲಿಗೇ ಸರಿಯಾಗಿ ಕೂರಬೇಕು, ಅದನ್ನು ಯಾವ ಟೇಲರ್ ಕೂಡ ಸರಿ ಮಾಡಲಾರ. ಅದಕ್ಕೇ ಕೋಟು ನೋಡುವಾಗ ಬಣ್ಣಕ್ಕಿಂತ ಮೊದಲು ಹೆಗಲು ನೋಡಬೇಕು. ಇದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಹುಡುಗನ ತಾಯಿ ಸೀರೆ ಮಡಚುವುದನ್ನು ನಿಲ್ಲಿಸಿದ್ದು ಕಂಡಿತು. ಪಾಠ ಚೆನ್ನಾಗಿ ಹತ್ತುತ್ತಿದೆ ಎಂದುಕೊಂಡೆ.

"ನಿಮ್ಮ ಕೋಟು ಬಿಚ್ಚಿ ಇದನ್ನ ಹಾಕ್ಕೊಂಡ ನೋಡ್ರಿ ಅಳ್ಯಾರ," ಎಂದೆ.

ಹುಡುಗ ಎದ್ದು ಕನ್ನಡಿಯ ಮುಂದೆ ನಿಂತ. ತನ್ನ ಕೋಟು ಬಿಚ್ಚಿದ. ನಾನು ಅವನನ್ನು ಬರೀ ಅಂಗಿಯಲ್ಲಿ ನೋಡಿದ್ದು ಅದೇ ಮೊದಲು. ಎಡ ಹೆಗಲು ಬಲಕ್ಕಿಂತ ತಗ್ಗಿತ್ತು, ಮುಂದಕ್ಕೆ ಬಾಗಿತ್ತು. ಹೊಸ ಕೋಟು ಹಾಕಿಕೊಳ್ಳುವಾಗ ಎಡಗೈಯನ್ನು ಬಲಗೈಯಿಂದ ಹಿಡಿದು ಮೊದಲು ತೋಳಿನೊಳಗೆ ಇಳಿಸಿದ, ಆಮೇಲೆ ಬಲಗೈ ಹಾಕಿದ. ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ.

ಕೋಟು ಬಲಕ್ಕೆ ಬರೋಬ್ಬರಿ ಕೂತಿತು. ಎಡಕ್ಕೆ ಬುತ್ತಿಯ ಚೀಲದ ಹಾಗೆ ಜೋತುಬಿತ್ತು.

ನನಗೆ ಹೆಗಲಿಗಿಂತ ಮೊದಲು ತಲೆಗೆ ಬಂದದ್ದು ಪೇಟೆಯೇ. ದಿನಾ ಜನರಿಗೆ ಬಟ್ಟೆ ಸರಿಸಿ ನೋಡಿ ಎಂದು ಹೇಳುವವನು ನಾನು, ನನ್ನ ಮನೆಯ ವ್ಯವಹಾರದಲ್ಲಿ ಬಟ್ಟೆಯನ್ನೇ ನೋಡಿ ಒಪ್ಪಿಕೊಂಡಿದ್ದೆ. ಮುಚ್ಚಿಟ್ಟರು ಎಂದು ಸಿಟ್ಟು ಬಂತು. ನಿಶ್ಚಯ ಆಗಿದ್ದರೂ ಅಕ್ಷತೆ ಬಿದ್ದಿರಲಿಲ್ಲ. ಈಗ ಎದ್ದು ಹೋದರೆ ಯಾರೂ ತಪ್ಪು ಎನ್ನುವಂತಿರಲಿಲ್ಲ. ಗಾದಿಯ ಮೇಲಿದ್ದವರೆಲ್ಲರಿಗೂ ಅದು ಗೊತ್ತಿತ್ತು. ಅಂಗಡಿಯವನು ದರ ಹೇಳಿದ. ನಾನು ನಗಲಿಲ್ಲ. ಅವನು ತಾನಾಗಿಯೇ ಸ್ವಲ್ಪ ಇಳಿಸಿದ. ನಾನು ಆಗಲೂ ನಗಲಿಲ್ಲ. ಅವನು ಹೆದರಿ ಹುಡುಗನ ತಾಯಿಯ ಮುಖ ನೋಡಿದ.

ಸೋದರಮಾವ ನನ್ನ ಹತ್ತಿರ ಸರಿದು ಸಣ್ಣ ದನಿಯಲ್ಲಿ, "ಬೀಗರ, ಎಡಕ್ಕ ಒಳಗ ಇನ್ನೊಂದ ಪ್ಯಾಡ್ ಹಾಕಿಸಿದ್ರ ಆತ್ರಿ. ಯಾರಿಗೂ ಗೊತ್ತಾಗೂದಿಲ್ಲ," ಎಂದ.

"ಇಷ್ಟ ದಿನ ಹಂಗ ಹಾಕಿಸಿದ್ದೇನ್ರಿ?"

"ಹೌದ್ರಿ."

"ನನಗ ಗೊತ್ತಾಗಬಾರದಂತ?"

ಅವನು ಟವೆಲ್ ತೆಗೆದು ಮುಖ ಒರೆಸಿಕೊಂಡ. ಹುಡುಗನೇ ಕನ್ನಡಿಯ ಕಡೆಯಿಂದ ತಿರುಗಿ, "ಮಾವಾರ, ಸಣ್ಣವ ಇದ್ದಾಗ ಕಬ್ಬಿನ ಟ್ರಾಲಿ ಮ್ಯಾಲಿಂದ ಬಿದ್ದಿದ್ದೆರಿ. ಎಲುವು ಸರಿ ಕೂಡಲಿಲ್ಲ. ನಿಮಗ ಮೊದಲನೇ ದಿನಾನ ಹೇಳಬೇಕಂತ ಬಂದಿದ್ದೆ," ಎಂದ.

"ಮತ್ತ ಹೇಳಲಿಲ್ಲ?"

"ನೀವು ಅಸ್ತರದ ಮಾತು ತಗದ್ರಿ."

ನಾನು ಎದ್ದು ಅಂಗಡಿಯ ಹಿಂಭಾಗಕ್ಕೆ, ಸೀರೆಯ ಕಪಾಟಿನ ಕಡೆ ಹೋದೆ. ಮಗಳು ಹಿಂದೆಯೇ ಬಂದಳು. ನಾನು ಕರೆದಿರಲಿಲ್ಲ.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ಹಿತ್ತಲದಾಗ ಮೊದಲ ಅದನ್ನ ಹೇಳಿದ್ರು. ಕೋಟು ಬಿಚ್ಚಿ ತೋರಿಸಿದ್ರು."

"ನಿಮ್ಮವ್ವಗ?"

"ಅವ್ವಗೂ ಗೊತ್ತೈತಿ. ನಿನಗೂ ಗೊತ್ತೈತಿ ಅನಕೊಂಡಿದ್ವಿ. ಪ್ಯಾಟ್ಯಾಗ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಾಂವ ನೀ, ಇದು ಕಂಡಿರತೈತಿ ಬಿಡು, ದೊಡ್ಡ ಮನಸ್ಸು ಮಾಡಿ ಸುಮ್ಮನದಾನ ಅಂತ ಅವ್ವ ಅಂತಿದ್ಲು."

ದೊಡ್ಡ ಮನಸ್ಸಿನ ಮಾತು ಕೇಳಿ ಕಪಾಟಿನ ಸೀರೆಗಳನ್ನು ನೋಡಿದೆ. ಹಸಿರು ಬಣ್ಣದವು ಹೆಚ್ಚಿದ್ದವು.

"ಕೈ ಮ್ಯಾಲ ಏಳೂದಿಲ್ಲವ್ವ ಅವಂದು," ಎಂದೆ.

"ಏಳದಿದ್ರ ಬಿಡು. ಅಟ್ಟದ ಮ್ಯಾಗಿನ ಡಬ್ಬಿ ನಾ ತಗೀತೇನಿ. ನಾ ಅವರಕಿಂತ ಎತ್ತರ ಅದೇನಿ. ಅದನರ ನೋಡೀಯೋ ಇಲ್ಲೋ?"

ನೋಡಿರಲಿಲ್ಲ. ತಿರುಗಿ ಕನ್ನಡಿಯ ಕಡೆ ನೋಡಿದೆ, ಆಮೇಲೆ ಮಗಳ ಕಡೆ ನೋಡಿದೆ. ಖರೆ ಇತ್ತು. ಒಂದು ಬೆರಳಿನಷ್ಟಾದರೂ ಎತ್ತರ.

"ನೀ ಬ್ಯಾಡ ಅಂದ್ರ ಈಗ ಅಂದುಬಿಡು," ಎಂದಳು. "ಆದ್ರ ಅವರು ಮುಚ್ಚಿಟ್ರು ಅಂತ ಅನಬ್ಯಾಡ. ಅದು ಸುಳ್ಳಾಗತೈತಿ. ನನಗ ಅವರು ಬೇಕು."

ನನ್ನ ಮಗಳು ಯಾವತ್ತೂ ಹೀಗೆ ಒಂದೇ ದರ ಹೇಳಿ ಕೈ ಕಟ್ಟಿ ನಿಂತವಳಲ್ಲ. ಒಂದು ಜೊತೆ ಬಳೆಗೂ ನನ್ನ ಹತ್ತಿರ ಮೇಲೆ ಕೆಳಗೆ ಮಾಡುವವಳು. ಆ ದಿನ ಅವಳ ಮುಖದಲ್ಲಿ ಇಳಿಸುವ ಜಾಗವೇ ಇರಲಿಲ್ಲ. ವ್ಯವಹಾರದವನಿಗೆ ಇದು ಗೊತ್ತಾಗುತ್ತದೆ. ಎದುರಿನವನು ದರ ಹೇಳಿ ಹಗ್ಗ ಹಿಡಿದು ಹೊರಡಲು ತಯಾರಾಗಿದ್ದರೆ, ಆ ಮಾಲು ಅವನಿಗೆ ನಿಜವಾಗಿ ಬೇಕಾದದ್ದು.

ಗಾದಿಗೆ ವಾಪಸು ಬಂದೆ. ಹುಡುಗ ಇನ್ನೂ ಕನ್ನಡಿಯ ಮುಂದೆಯೇ ಆ ಜೋತುಬಿದ್ದ ಕೋಟಿನಲ್ಲಿ ನಿಂತಿದ್ದ. ಅವನ ತಾಯಿ ನಾವು ಬೆಳಿಗ್ಗೆ ಕೊಟ್ಟಿದ್ದ ಹಣ್ಣಿನ ಬುಟ್ಟಿಯನ್ನು ವಾಪಸು ಕೊಡಬೇಕಾದೀತು ಎಂಬ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಂಗಡಿಯ ಟೇಲರ್ ಟೇಪು ಕೊರಳಿಗೆ ಹಾಕಿಕೊಂಡು ಬಂದು, "ಎಡಕ್ಕ ಪ್ಯಾಡ್ ಏರಿಸಲೇನ್ರಿ?" ಎಂದು ಸೋದರಮಾವನನ್ನು ಕೇಳಿದ.

"ಅವರನ್ನ ಯಾಕ ಕೇಳ್ತಿ? ಕೋಟು ಹಾಕ್ಕೊಳ್ಳಾವ್ರು ಇಲ್ಲಿ ನಿಂತಾರ," ಎಂದೆ. "ಅಳ್ಯಾರ, ನಿಮಗ ಹೆಂಗ ಬೇಕು?"

ಹುಡುಗ ತಾಯಿಯ ಕಡೆ ನೋಡಿದ, ಸೋದರಮಾವನ ಕಡೆ ನೋಡಿದ. ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ.

"ಎರಡೂ ಪ್ಯಾಡ್ ತಗಸ್ರಿ," ಎಂದ. "ಹೆಗಲು ಹೆಂಗೈತಿ ಹಂಗ ಇರ್ಲಿ." ಆಮೇಲೆ ಧೈರ್ಯ ಬಂದು ಇನ್ನೊಂದು ಮಾತು ಸೇರಿಸಿದ. "ಖರೆ ಹೇಳಬೇಕಂದ್ರ ಮಾವಾರ, ನನಗ ಕೋಟ ಸೇರೂದಿಲ್ಲ. ಅವ್ವ ಹಾಕ್ಕೋ ಅಂತಾಳಂತ ಹಾಕ್ಕೊಳ್ಳೂದು. ಬ್ಯಾಸಿಗ್ಯಾಗ ಜೀವ ಹೋಗ್ತೈತಿ."

ಹೆಗಲಿನ ಸುದ್ದಿಗಿಂತ ಈ ಸುದ್ದಿ ನನಗೆ ಹೆಚ್ಚು ನೋವು ಕೊಟ್ಟಿತು. ಮೂಡಲಗಿಯ ಅರ್ಧ ಪೇಟೆಗೆ ಹೇಳಿಕೊಂಡು ಬಂದಿದ್ದೆ.

ಆದರೆ ಬಸ್ತಾಕ್ಕೆ ಬಂದು ಗಂಡಿಗೆ ಕೋಟು ತೆಗೆಯದೆ ಹೋದರೆ ನಾಳೆ ಬೇರೆ ಮಾತು ಹುಟ್ಟುತ್ತದೆ. ಕೋಟು ಬೇಕು, ಅದು ಅವನ ಜೀವ ತೆಗೆಯಬಾರದು. ಹಾಗಾದರೆ ತೆಳುವಾದ ಹತ್ತಿಯ ಬಟ್ಟೆಯದು, ಅಸ್ತರ ಇಲ್ಲದ್ದು, ಪ್ಯಾಡ್ ತೆಗೆದದ್ದು. ಕೋಟಿನ ಕಪಾಟಿನ ಕೆಳಗಿನ ಸಾಲಿನಿಂದ ತಿಳಿ ಕಂದು ಬಣ್ಣದ ಒಂದನ್ನು ನಾನೇ ಎಳೆದೆ. ಟೇಲರ್ ಅಲ್ಲೇ ಕೂತು ಹೊಲಿಗೆ ಬಿಚ್ಚಿ ಎರಡೂ ಪ್ಯಾಡ್ ಹೊರಗೆ ತೆಗೆದ. ಹುಡುಗ ಹಾಕಿಕೊಂಡ. ಕೋಟು ಅವನ ಹೆಗಲು ಹೋದ ಕಡೆ ಹೋಯಿತು. ಮಗಳು ನೋಡಿ, "ಇದು ಛಲೋ ಐತಿ," ಎಂದಳು. ಹುಡುಗ ಇನ್ನೊಮ್ಮೆ ಕನ್ನಡಿ ನೋಡಿಕೊಂಡ.

"ದರ ಹೇಳು," ಎಂದೆ ಅಂಗಡಿಯವನಿಗೆ.

ಅವನು ಹೇಳಿದ. ನಾನು ನಕ್ಕೆ.

"ಯಾಕ ಕಾಕಾ?"

"ಅಸ್ತರ ಇಲ್ಲ, ಪ್ಯಾಡ್ ಇಲ್ಲ. ಒಳಗಿನ ಮಾಲೆಲ್ಲ ಹೊರಗ ಬಂದೈತಿ. ಬರೇ ಬಟ್ಟಿಗೆ ಪೂರಾ ಕೋಟಿನ ರೊಕ್ಕ ಕೇಳ್ತೀಯಲ್ಲೋ?"

"ಪ್ಯಾಡ್ ಬಿಚ್ಚೂದಕ್ಕ ಕೂಲಿ ಬೀಳ್ತೈತ್ರಿ! ನಾನ ನಿಮಗ ಮ್ಯಾಲ ಹಚ್ಚಬೇಕು!"

"ಹಚ್ಚು. ಹಚ್ಚಿ ನೋಡು. ಬೀಗರ, ಏಳ್ರಿ, ಬಾಜೂದ ಅಂಗಡಿಗೆ ಹೋಗೂಣು."

ಯಾರೂ ಏಳಲಿಲ್ಲ. ಏಳಬೇಕಾದದ್ದೂ ಇರಲಿಲ್ಲ. ಹುಡುಗನ ತಾಯಿ ತೊಡೆಯ ಮೇಲಿನ ಬುಟ್ಟಿಯನ್ನು ಬದಿಗೆ ಇಟ್ಟು, ನನ್ನ ಹೆಂಡತಿಗೆ ಏನೋ ಹೇಳಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಮುಂದೆ ಸರಿದು ಕೋಟಿನ ತೋಳು ಹಿಡಿದು, "ಇದರ ಬಣ್ಣ ಹೋಗ್ತೈತೇನ್ರಿ?" ಎಂದು ಕೇಳಿದಳು. ಅಂಗಡಿಯವನು ಇಬ್ಬರ ನಡುವೆ ಸಿಕ್ಕಿದ. ಸಾಯಂಕಾಲದ ಹೊತ್ತಿಗೆ ಕೋಟು ನಾನು ಹೇಳಿದ ದರಕ್ಕೇ ಬಂತು. ತೆಗೆದ ಪ್ಯಾಡುಗಳನ್ನೂ ಕೇಳಿ ಕಟ್ಟಿಸಿಕೊಂಡೆ, ನಮ್ಮವೇ ಅವು. ಹೆಂಡತಿ ಈಗ ಅವುಗಳಿಂದ ಬಿಸಿ ಪಾತ್ರೆ ಇಳಿಸುತ್ತಾಳೆ. ಸುಡುವುದಿಲ್ಲವಂತೆ.

ಮದುವೆ ಹುಕ್ಕೇರಿಯ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಅಕ್ಷತೆ ಬಿದ್ದ ಮೇಲೆ ಅಳಿಯ ನನ್ನ ಹತ್ತಿರ ಬಂದು, "ಮಾವಾರ, ಇನ್ನ ತಗೀಲೇನ್ರಿ?" ಎಂದು ಕೇಳಿದ. ಅಂಗಿ ಬೆವರಿನಿಂದ ತೊಯ್ದಿತ್ತು. ತಗೀರಿ ಎಂದೆ. ಎಲ್ಲರೆದುರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಬರೀ ಅಂಗಿಯಲ್ಲಿ ಊಟಕ್ಕೆ ಕೂತ. ಕಾಣುವವರಿಗೆಲ್ಲ ಕಂಡಿತು.

ಪೇಟೆಯಿಂದ ಬಂದಿದ್ದ ನನ್ನ ಜೊತೆಯ ದಲಾಲನೊಬ್ಬ ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದ. ಅವನ ಕಣ್ಣು ಒಳ್ಳೆಯದು, ಬಾಯಿ ಒಳ್ಳೆಯದಲ್ಲ.

"ದಲಾಲ್ರ," ಎಂದ. "ಎಡ ಹೆಗಲು ಜರಾ ತಗ್ಗೈತಲ್ಲ?"

"ಐತಿ."

"ಮೊದಲ ನೋಡಿದ್ರಿ?"

"ನೋಡೇ ಒಪ್ಪೇನಿ," ಎಂದೆ.

ಅವನು ಮತ್ತೇನೂ ಕೇಳದೆ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ಹೇಳಿಬಿಟ್ಟಿದ್ದೆ, ಇನ್ನು ನೋಡದೆ ಇರುವುದು ಸರಿಯಲ್ಲ ಎಂದು ಕೈ ತೊಳೆಯುವ ಮೊದಲು ಅಳಿಯನನ್ನು ಸ್ವಲ್ಪ ಹೊತ್ತು ನೋಡುತ್ತ ಕೂತೆ. ನಿಧಾನಕ್ಕೆ ಊಟ ಮಾಡುವವನು. ಬಡಿಸುವವರಿಗೆ ಸಾಕು ಎನ್ನುವಾಗ ಪ್ರತಿ ಸಲ ತಲೆ ಎತ್ತಿ ಅವರ ಮುಖ ನೋಡಿ ಹೇಳುತ್ತಿದ್ದ. ಮಗಳು ಏನೋ ಹೇಳಿದಳು, ಅವನು ನಕ್ಕ, ಅವಳ ಎಲೆಯಲ್ಲಿ ಉಳಿದಿದ್ದ ಮೆಣಸಿನಕಾಯಿಯನ್ನು ಎತ್ತಿ ತನ್ನ ಎಲೆಗೆ ಹಾಕಿಕೊಂಡ. ಎಡಗೈ ಅಷ್ಟು ದೂರಕ್ಕೆ ಚೆನ್ನಾಗಿಯೇ ಹೋಗುತ್ತದೆ.